ಬ್ಯಾಡಗಿ ಮೆಣಸಿನಕಾಯಿ ರಫ್ತು: ಖರೀದಿಗೆ ಮೊದಲು ಲೆಕ್ಕ

ಹಾವೇರಿ ಕಡೆ ಹೊಸದಾಗಿ ರಫ್ತಿಗೆ ಇಳಿಯುವವರು ಕಾಗದಪತ್ರದಲ್ಲೇ ಸುಸ್ತಾಗುತ್ತಾರೆ: ಐಇಸಿ ನಂಬರು (ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ), ಸ್ಪೈಸಸ್ ಬೋರ್ಡ್ ನೋಂದಣಿ, ಬ್ಯಾಂಕಿನ ಎಡಿ ಕೋಡ್ (ಕಸ್ಟಮ್ಸ್‌ನಲ್ಲಿ ದಾಖಲಿಸುವ ಬ್ಯಾಂಕಿನ ಸಂಖ್ಯೆ), ಜಿಎಸ್‌ಟಿಗೆ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ). ಇವೆಲ್ಲ ಬೇಕೇ ಬೇಕು, ಆದರೆ ಕೈ ಸುಡುವುದು ಇಲ್ಲಲ್ಲ.

ಮೊದಲ ತೀರ್ಮಾನ, ಯಾರಿಗೆ ಮಾರುವುದು? ಖಾರ ಬೇಕೆನ್ನುವವರಿಗೆ ಗುಂಟೂರಿನ ತೇಜಾ ತಳಿ ಇದೆ, ರೇಟಿನಲ್ಲಿ ಅದರೊಡನೆ ಗುದ್ದಾಡಬೇಡಿ. ಬ್ಯಾಡಗಿ ಮಾರಾಟವಾಗುವುದು ಬಣ್ಣಕ್ಕೆ. 2011ರಲ್ಲಿ ಬಂದ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಹೆಸರಿಗೆ ಒಳ್ಳೆಯದೇ, ಆದರೆ ಗಿರಾಕಿ ಕೇಳುವುದು ಆಸ್ಟಾ ಅಂಕ (ಬಣ್ಣ ಎಷ್ಟು ಗಾಢ ಎಂಬ ಅಳತೆ), ತೇವಾಂಶ, ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ). ಈ ವಿಷಕ್ಕೆ ಯುರೋಪಿನ ಮಿತಿ ಅದರ ಬಿ1 ಬಗೆಗೆ 5 ಪಿಪಿಬಿ (ನೂರು ಕೋಟಿಯಲ್ಲಿ ಐದು ಪಾಲು), ಎಲ್ಲ ಬಗೆ ಸೇರಿ 10. ಗಿರಾಕಿ ಯಾರೆಂದು ಗೊತ್ತಿಲ್ಲದೆ ಮಾಲು ಹಿಡಿದರೆ ಯಾವ ಅಳತೆಗೆ ಹಿಡಿದಿರಿ ಎಂಬುದಕ್ಕೆ ಉತ್ತರವೇ ಇರುವುದಿಲ್ಲ.

ಬ್ಯಾಡಗಿ ಎಪಿಎಂಸಿಯಲ್ಲಿ ಸೋಮವಾರ, ಗುರುವಾರ ವ್ಯಾಪಾರ. ಒಂದು ಕಂಟೇನರ್ ತುಂಬಲು ಹತ್ತಾರು ರೈತರ ಲಾಟು ಸೇರಬೇಕು. ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವ ರೂಢಿ ಇದೆ. ತೂಕವೂ ಏರುತ್ತದೆ ಅನ್ನುವುದು ಬೇರೆ ಮಾತು! ತೇವಾಂಶ ಶೇ 11 ದಾಟಿತೆಂದರೆ ಸಮುದ್ರಯಾನದ ಸೆಕೆಯಲ್ಲಿ ಬೂಷ್ಟು ಹಿಡಿಯಬಹುದು. ನೆಲದ ಮಣ್ಣಿನ ಮೇಲೆ ಒಣಗಿಸಿದ ಒಂದೇ ಲಾಟು ಬೆರೆತರೂ ಇಡೀ ಕಂಟೇನರಿನ ಪರೀಕ್ಷಾ ವರದಿ ಕೆಡಬಹುದು. ಹಾಗಾಗಿ ಪ್ರತಿ ಲಾಟಿಗೂ ನಂಬರು ಹಾಕಿ, ಬೇರೆ ಬೇರೆ ಮಾದರಿ ತೆಗೆದು, ವರದಿ ಬಂದ ಮೇಲೆಯೇ ಬೆರೆಸಿ, ತೊಟ್ಟು ಬಿಡಿಸಿ. ಅಲ್ಲಿಯವರೆಗೆ ಮಾಲು ಕೋಲ್ಡ್ ಸ್ಟೋರೇಜಿನಲ್ಲಿರಲಿ, ಸಾಮಾನ್ಯ ಗೋದಾಮಿನಲ್ಲಿ ಬಣ್ಣ ಇಳಿಯುತ್ತದೆ. ಆವಕ ಜೋರಿದ್ದಾಗ ಜಾಗ ಸಿಗುವುದಿಲ್ಲ, ಮುಂಚೆಯೇ ಹಿಡಿದಿಡಿ.

ಇನ್ನು ರೊಕ್ಕದ ಮಾತು. ದಲಾಲಿ ಅಂಗಡಿಗೆ ಬೇಗ ಕೊಡಬೇಕು, ವಿದೇಶದ ಗಿರಾಕಿ ಹಡಗು ಹತ್ತಿಸಿದ 90 ದಿನಕ್ಕೆ ಕೊಡುತ್ತೇನೆನ್ನುತ್ತಾನೆ. ಖರೀದಿ, ಪರೀಕ್ಷೆ, ಪ್ಯಾಕಿಂಗಿಗೆ 30 ದಿನ ಹಿಡಿದರೆ ಒಂದು ಕಂಟೇನರಿನ ಬಂಡವಾಳ 120 ದಿನ ಸಿಕ್ಕಿಕೊಂಡಂತೆ. ತಿಂಗಳಿಗೊಂದು ಕಂಟೇನರ್ ಕಳಿಸುತ್ತೇನೆ ಎಂದವರ ಕೈಯಲ್ಲಿ ನಾಲ್ಕರ ರೊಕ್ಕ ಇರಬೇಕು. ಹೊಸ ಸಂಸ್ಥೆಗಳು ಎಡವುವುದು ಹೆಚ್ಚಾಗಿ ಎರಡನೇ ಆರ್ಡರಿಗೆ ರೊಕ್ಕ ಸಾಲದೆ, ಗಿರಾಕಿ ಇಲ್ಲದೆ ಅಲ್ಲ. ಆರ್ಡರ್ ಅಥವಾ ಎಲ್‌ಸಿ (ಹಣ ಕೊಡುವುದಾಗಿ ಗಿರಾಕಿಯ ಬ್ಯಾಂಕು ಬರೆದುಕೊಡುವ ಭರವಸೆ ಪತ್ರ) ತೋರಿಸಿ ಸಾಗಣೆಗೆ ಮೊದಲೇ ಸಿಗುವ ಪ್ಯಾಕಿಂಗ್ ಕ್ರೆಡಿಟ್ ಸಾಲ ಪಡೆಯಬಹುದು, ಗಿರಾಕಿ ಹಣ ಕೊಡದಿದ್ದರೆ ನೆರವಾಗುವ ಇಸಿಜಿಸಿ ವಿಮೆಯನ್ನೂ ಆಗಲೇ ಮಾಡಿಸಿ.

ಎಲ್‌ಸಿಯಲ್ಲಿ ಸಾಗಣೆಯ ಕೊನೇ ದಿನಾಂಕ ಒಪ್ಪುವ ಮುಂಚೆ ಖರೀದಿ ನೋಡುವವರನ್ನೂ ಪರೀಕ್ಷೆ ನೋಡುವವರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಪ್ರಯೋಗಾಲಯದ ವರದಿ ತಡವಾಗಿ ಹಡಗು ತಪ್ಪಿದರೆ, ಮಾಲು ಎಷ್ಟೇ ಚೊಕ್ಕವಿದ್ದರೂ ಗಿರಾಕಿಯ ಬ್ಯಾಂಕು ತಡದ ಕಾರಣ ಹಿಡಿದು ಹಣ ತಡೆಯಬಹುದು.