ಮೂರನೆಯ ದಿನದ ನೋವು

ನಾನು ಗಾರೆ ಕೆಲಸಕ್ಕೆ ಸೇರಿ 17 ವರ್ಷವಾಯಿತು. ಮೊದಲ ದಿನ ನನಗೆ ಸಿಕ್ಕಿದ್ದು ಮೂರನೆಯ ಮಹಡಿಯಿಂದ ಒಡೆದ ಇಟ್ಟಿಗೆಯನ್ನು ಬಾಣಲಿಯಲ್ಲಿ ಹೊತ್ತು ಕೆಳಗಿಳಿಸುವ ಕೆಲಸ. ಅಂದು ಸಂಜೆ ಸುಸ್ತಾಗಿತ್ತು, ಅಷ್ಟೇ. ಮರುದಿನ ತೊಡೆಗಳು ಬಿಗಿದುಕೊಂಡವು. ಮೂರನೆಯ ದಿನವಂತೂ ಕೂತರೆ ಗೋಡೆ ಹಿಡಿಯದೆ ಏಳಲಾಗಲಿಲ್ಲ. ಒಳಗೆ ಏನೋ ಹರಿದಿದೆ, ಇನ್ನು ನನ್ನಿಂದ ಈ ಕೆಲಸ ಆಗದು ಎಂದು ರಾತ್ರಿಯೆಲ್ಲ ಹೆದರಿದ್ದೆ. ಆರನೆಯ ದಿನಕ್ಕೆ ನೋವು ತಾನಾಗಿಯೇ ಹೋಯಿತು.

ಹತ್ತುವುದಕ್ಕಿಂತ ಇಳಿಯುವುದು ಸುಲಭವೆಂದು ನಾವು ತಿಳಿಯುತ್ತೇವೆ. ಉಸಿರಿಗೆ ಅದು ನಿಜ, ತೊಡೆಗೆ ಅಲ್ಲ. ಭಾರ ಹೊತ್ತು ಇಳಿಯುವಾಗ ಸ್ನಾಯು ಉದ್ದವಾಗುತ್ತಲೇ ಬಿಗಿ ಹಿಡಿಯಬೇಕಾಗುತ್ತದೆ. ಅದರ ಎಳೆಗಳಿಗೆ ಅತಿ ಸಣ್ಣ ಗಾಯಗಳಾಗುವುದು ಆಗಲೇ. ಆ ನೋವು 24ರಿಂದ 72 ಗಂಟೆಗಳ ನಡುವೆ ಹೆಚ್ಚುತ್ತದೆ, ಬಳಿಕ ಇಳಿಯುತ್ತದೆ. ದುಡಿಯುವಾಗ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡು ಹೀಗಾಗುತ್ತದೆ ಎಂದು ಇಂದಿಗೂ ಹೇಳುವವರಿದ್ದಾರೆ. ಆದರೆ ಅದು ಕೆಲಸ ನಿಲ್ಲಿಸಿದ ಒಂದೆರಡು ಗಂಟೆಯೊಳಗೆ ತೀರಿಹೋಗುತ್ತದೆ. ಮೂರನೆಯ ದಿನ ನೋಯಿಸಲು ಅದು ಅಲ್ಲಿರುವುದೇ ಇಲ್ಲ. ತಡವಾಗಿ ಬರುವ ಈ ನೋವಿಗೆ ಸ್ನಾಯುವಿನ ಒಳಗೆ ಹರಿದಿರುವುದೇ ಕಾರಣವೆಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೋಡೋರ್ ಹಫ್ 1902ರಷ್ಟು ಹಿಂದೆಯೇ ಬರೆದಿದ್ದರು.

ಇಂಥ ನೋವಿಗೆ ನನ್ನ ಮದ್ದು ಬಿಸಿನೀರು. ಸಂಜೆ ಸ್ನಾನ, ಆಮೇಲೆ ಬಿಸಿನೀರಿನ ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಕಾವು, ಅಂಗೈಯಿಂದ ಮೆತ್ತಗೆ ನೀವುವುದು, ಬೇಗ ಮಲಗುವುದು. ಮರುದಿನ ನೋವಿದ್ದರೂ ನಿಧಾನವಾಗಿ ನಡೆದಾಡಬೇಕು. ಅಲ್ಲಾಡದೆ ಮಲಗಿದವನ ಮೈ ಇನ್ನಷ್ಟು ಬಿಗಿಯುತ್ತದೆ. ಸೊಂಟ ಹಿಡಿದಾಗಲೂ ನಾನು ಒಂದೆರಡು ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿಯುವುದಿಲ್ಲ. ನೋವಿನ ಮುಲಾಮು ಹಚ್ಚಬಹುದು. ಅದರಲ್ಲಿನ ಮೆಂಥಾಲ್ ನರಗಳಿಗೆ ತಂಪಿನ ಅನುಭವ ಕೊಟ್ಟು ನೋವನ್ನು ಮರೆಸುತ್ತದೆ, ಗಾಯವನ್ನು ಮಾಯಿಸುವುದಿಲ್ಲ. ಮುಲಾಮು ಹಚ್ಚಿದ ಜಾಗಕ್ಕೆ ಕಾವು ಕೊಟ್ಟರೆ ಚರ್ಮ ಸುಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮುಲಾಮನ್ನೂ ವೈದ್ಯರನ್ನು ಕೇಳಿಯೇ ಹಚ್ಚಬೇಕು, ಏಕೆಂದರೆ ಹಲವು ಮುಲಾಮುಗಳಲ್ಲಿ ಆಸ್ಪಿರಿನ್‌ನ ಬಳಗದ ವಸ್ತುವಿರುತ್ತದೆ.

ಉಳುಕು ಬೇರೆಯೇ ವಿಷಯ. ಅದನ್ನು ನಾನು ಕಾಲು ಕೆಡಿಸಿಕೊಂಡು ಕಲಿತೆ. ಸಾರುವೆಯ ಕೊನೆಯ ಹಲಗೆಯಿಂದ ಇಳಿಯುವಾಗ ಪಾದ ಹೊರಳಿತು. ಜೊತೆಯವನು ಪ್ರೀತಿಯಿಂದಲೇ ಬಿಸಿ ಶಾಖ ಕೊಟ್ಟು ಗಟ್ಟಿಯಾಗಿ ತಿಕ್ಕಿದ. ಬೆಳಗಾಗುವಷ್ಟರಲ್ಲಿ ಹರಡಿನ ಮೂಳೆ ಕಾಣದಷ್ಟು ಬಾವು, ಬೆರಳಿನವರೆಗೆ ನೀಲಿ. ಆರು ವಾರ ಕೆಲಸವಿಲ್ಲದೆ ಕುಳಿತೆ. ಆಗತಾನೇ ಬಿದ್ದ ಪೆಟ್ಟಿನೊಳಗೆ ರಕ್ತ ಸೋರುತ್ತಿರುತ್ತದೆ. ಮೊದಲ ಎರಡು ದಿನ ಕಾವು, ತಿಕ್ಕುವಿಕೆ ಎರಡೂ ಆ ಸೋರಿಕೆಯನ್ನು ಹೆಚ್ಚಿಸುತ್ತವೆ. ಇದನ್ನು ನಾನು ಎಷ್ಟು ಜನರಿಗೆ ಹೇಳಿದರೂ ನನಗೆ ಸಾಲದು.

ಈಗ ಉಳುಕಿದರೆ ಕೆಲಸ ಅಲ್ಲಿಗೇ ನಿಲ್ಲಿಸುತ್ತೇನೆ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ. ಹಿಗ್ಗುವ ಪಟ್ಟಿಯನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ, ಮಲಗಿ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಡುತ್ತೇನೆ. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಪಟ್ಟಿ ಸಡಿಲಿಸಬೇಕು. ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಎತ್ತರ ಎಂಬ ಈ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆ ನೋವನ್ನು ಕಡಿಮೆ ಮಾಡಿದರೂ ಮಾಯುವುದನ್ನು ನಿಧಾನಿಸಬಹುದೆಂದು ಅವರೇ ಮುಂದೆ ತಿದ್ದಿಕೊಂಡರು. ತನ್ನ ಮಾತನ್ನು ತಾನೇ ತಿದ್ದುವ ವೈದ್ಯರ ಮೇಲೆ ನನಗೆ ನಂಬಿಕೆ ಹೆಚ್ಚು. ಹಾಗಾಗಿ ಮಂಜುಗಡ್ಡೆ ನನಗೆ ಮೊದಲ ದಿನದ ನೋವಿಗೆ ಮಾತ್ರ. ಎರಡು ಮೂರು ದಿನ ಕಳೆದ ಮೇಲೆ, ತಾಳುವಷ್ಟು ಮಾತ್ರ ಪಾದವನ್ನು ತಿರುಗಿಸುತ್ತೇನೆ.

ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮೂಳೆಯನ್ನು ಒತ್ತಿದಾಗ ಜೀವ ಹೋಗುವಂತೆ ನೋವಾದರೆ ಮನೆಮದ್ದು ಸಾಲದು, ಎಕ್ಸ್‌ರೇ ಬೇಕು. ಸೊಂಟ ನೋವಿನ ಜೊತೆ ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ಗಂಟೆಯೂ ಕಾಯಬಾರದು.

ಇನ್ನೊಂದನ್ನು ಕಣ್ಣಾರೆ ಕಂಡಿದ್ದೇನೆ. ಹೊಸದಾಗಿ ಬಂದ ಹುಡುಗನೊಬ್ಬ ಉರಿಬಿಸಿಲಿನಲ್ಲಿ ಇಡೀ ದಿನ ಮಣ್ಣು ಎತ್ತಿದ, ನೀರು ಸರಿಯಾಗಿ ಕುಡಿಯಲಿಲ್ಲ, ನೋವಿನ ಮಾತ್ರೆ ನುಂಗಿ ಮರುದಿನವೂ ಬಂದ. ಆ ಸಂಜೆ ತೋಳುಗಳು ಊದಿದ್ದವು, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿತ್ತು. ಎಲ್ಲರಿಗೂ ಆಗುವ ಮೈಕೈ ನೋವೆಂದು ನಾನೂ ಸುಮ್ಮನಿದ್ದರೆ ಅವನು ಉಳಿಯುತ್ತಿರಲಿಲ್ಲವೇನೋ. ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡದಲ್ಲಿ ಕಟ್ಟಿಕೊಳ್ಳುತ್ತಿದೆ, ನೀರಿಲ್ಲದ ಮೈಗೆ ಆ ಮಾತ್ರೆಗಳೂ ಹಾನಿ ಮಾಡಿವೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ವಾರದ ಮೇಲೆ ಅವನು ಮನೆಗೆ ಬಂದ.

ಒಮ್ಮೆ ಹಗುರವಾಗಿ ದಣಿದ ಸ್ನಾಯು ಮುಂದಿನ ಸಲ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಅದಕ್ಕೆ ಯಾರೇ ಹೊಸಬರು ಬಂದರೂ ಮೊದಲ ವಾರ ಅವರ ಬಾಣಲಿಯನ್ನು ನಾನೇ ತುಂಬಿಸುತ್ತೇನೆ, ಅರ್ಧಕ್ಕೆ ಮಾತ್ರ.