11 ಸೆಕೆಂಡ್

ಜರ್ಮನಿಯ ಮ್ಯೂನಿಕ್ ರೈಲು ನಿಲ್ದಾಣದಿಂದ ಬಯರಿಷರ್ ರುಂಡ್‌ಫುಂಕ್ ಟಿವಿ ಸಂಸ್ಥೆಯ ಕಟ್ಟಡಕ್ಕೆ ನಡೆದೇ ಹೋಗಬಹುದು. 2018ರಲ್ಲಿ ಅಲ್ಲಿ ನಡೆದ ಪ್ರಿ ಜೂನೆಸ್ ಎಂಬ ಪ್ರಶಸ್ತಿಯ ಉತ್ಸವಕ್ಕೆ ನಾನೂ ಹೋಗಿದ್ದೆ. ಬೆಂಗಳೂರಿನಲ್ಲಿ ಸರ್ಕಾರಿ ಶಾಲೆ ಮಕ್ಕಳಿಗಾಗಿ ವಿಡಿಯೊ ಮಾಡುವ ಪುಟ್ಟ ತಂಡವೊಂದರಲ್ಲಿ ನಾನು ಎಡಿಟರ್. ನಮ್ಮದು ಯಾವುದೂ ಸ್ಪರ್ಧೆಯಲ್ಲಿರಲಿಲ್ಲ. ನೋಡಿ ಕಲಿಯೋಣ ಅಂತ ಹೋದವಳು.

ಮಕ್ಕಳ ಟಿವಿಗೆ ಕೊಡುವ ಈ ಪ್ರಶಸ್ತಿ ಶುರುವಾಗಿದ್ದು 1964ರಲ್ಲಿ. ಬವೇರಿಯಾ ರಾಜ್ಯ, ಮ್ಯೂನಿಕ್ ನಗರ ಮತ್ತು ಬಯರಿಷರ್ ರುಂಡ್‌ಫುಂಕ್ ಸೇರಿ ಶುರು ಮಾಡಿದ್ದು. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 6 ವರ್ಷದವರೆಗಿನ ಮಕ್ಕಳು, 7ರಿಂದ 10, 11ರಿಂದ 15, ಹೀಗೆ ಮೂರು ಗುಂಪು. ಒಂದೊಂದು ಗುಂಪಿನಲ್ಲೂ ಕಟ್ಟುಕಥೆಗೆ ಒಂದು ಪ್ರಶಸ್ತಿ, ನಿಜ ಸಂಗತಿ ಹೇಳುವ ಕಾರ್ಯಕ್ರಮಕ್ಕೆ ಇನ್ನೊಂದು. ಈ ಎರಡನೆಯದನ್ನು ನೋಡಿಯೇ ನನಗೆ ಖುಷಿಯಾಗಿತ್ತು. ನಮ್ಮ ಟಿವಿಯಲ್ಲಿ ಮಕ್ಕಳು ಅಂದರೆ ಜಾಸ್ತಿ ಹಾಡು, ಡ್ಯಾನ್ಸ್ ಸ್ಪರ್ಧೆ ತಾನೇ? ಶಾಲೆಗೆ ಹೋಗುವ, ನೀರು ತರುವ, ಭಯಪಡುವ ಮಗುವಿಗೂ ಟಿವಿಯಲ್ಲಿ ಜಾಗ ಬೇಕು. ಅದನ್ನು ಚೆನ್ನಾಗಿ ತೋರಿಸಿದವರ ಬೆನ್ನು ತಟ್ಟುವವರೂ ಬೇಕು.

ಬಾಗಿಲು ಹಾಕಿಕೊಂಡು ತೀರ್ಪು ಕೊಡುವ ಪದ್ಧತಿ ಇಲ್ಲಿಲ್ಲ. ಬೇರೆ ಬೇರೆ ದೇಶಗಳಿಂದ ಬಂದ, ಮಕ್ಕಳ ಕಾರ್ಯಕ್ರಮ ಮಾಡುವವರೇ ಒಟ್ಟಿಗೆ ಕೂತು ನೋಡುತ್ತಾರೆ. ಆಮೇಲೆ ಗುಂಪುಗಳಲ್ಲಿ ಚರ್ಚೆ ಮಾಡುತ್ತಾರೆ. ಮತ ಹಾಕುವವರೂ ಅವರೇ.

ಅವತ್ತು 7ರಿಂದ 10ರ ಗುಂಪಿನ ಚಿತ್ರಗಳು. ಅದರಲ್ಲೊಂದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹುಡುಗಿಯೊಬ್ಬಳ ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಒಂದು ವಾರ ಅಪ್ಪನ ಮನೆ, ಒಂದು ವಾರ ಅಮ್ಮನ ಮನೆ. ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಾಳೆ. ಒಂದು ಕಾಲುಚೀಲ ಸಿಗುತ್ತಿಲ್ಲ. ಅದು ಆ ಮನೆಯಲ್ಲೇ ಉಳಿದಿದೆ. "ನಿನ್ನ ಮನೆ ಯಾವುದು?" ಅಂತ ಯಾರೋ ಕೇಳುತ್ತಾರೆ. ಅವಳು ಉತ್ತರ ಕೊಡುವುದಿಲ್ಲ. ಸಿಕ್ಕ ಒಂದೇ ಕಾಲುಚೀಲವನ್ನು ಮಡಚುತ್ತಾಳೆ, ಬಿಚ್ಚುತ್ತಾಳೆ, ಮತ್ತೆ ಮಡಚುತ್ತಾಳೆ. ಕ್ಯಾಮೆರಾ ಕಾಯುತ್ತದೆ. ಸಂಗೀತ ಇಲ್ಲ, ವಾಯ್ಸ್ ಓವರ್ ಇಲ್ಲ. ಸಭಾಂಗಣದಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಚರ್ಚೆಯಲ್ಲಿ ಒಬ್ಬರು, "ತುಂಬಾ ನಿಧಾನ, ಮಕ್ಕಳು ಚಾನೆಲ್ ಬದಲಾಯಿಸ್ತಾರೆ" ಅಂದರು. ನಾನು ದಿನಾ ಎಡಿಟಿಂಗ್ ಟೇಬಲ್ ಮುಂದೆ ಹೇಳುವ ಮಾತೇ ಅದು. ಪಕ್ಕದಲ್ಲಿದ್ದ ಹಿರಿಯ ಹೆಂಗಸೊಬ್ಬರು ಮೆಲ್ಲಗೆ ಕೇಳಿದರು: "ಅವಳು ಯೋಚನೆ ಮಾಡುತ್ತಿದ್ದಾಳೆ. ಅದನ್ನು ಕತ್ತರಿಸಿದರೆ ಇನ್ನೇನು ಉಳಿಯಿತು?"

ನನಗೆ ಯಾದಗಿರಿ ಕಡೆಯ ಒಂದು ಹಳ್ಳಿ ನೆನಪಾಯಿತು. ಬೋರ್‌ವೆಲ್ ಬಗ್ಗೆ ನಾವು ಐದು ನಿಮಿಷದ ಚಿತ್ರ ಮಾಡಿದ್ದೆವು. ನಾಲ್ಕನೇ ಕ್ಲಾಸಿನ ಹುಡುಗನೊಬ್ಬನನ್ನು "ಬೇಸಿಗೆಯಲ್ಲಿ ನೀರು ಎಲ್ಲಿಗೆ ಹೋಗುತ್ತೆ?" ಅಂತ ಕೇಳಿದ್ದೆವು. ಅವನು ಸುಮ್ನೆ ನಿಂತುಬಿಟ್ಟಿದ್ದ. ಆ ಜಾಗವನ್ನು ನಾನೇ ತೆಗೆದುಹಾಕಿ, ಅಂತರ್ಜಲದ ಬಗ್ಗೆ ದೊಡ್ಡವರ ದನಿಯಲ್ಲಿ ನಾಲ್ಕು ಸಾಲು ಸೇರಿಸಿದ್ದೆ. ಹುಡುಗ ಏನು ಹೇಳಿದ್ದ ಅನ್ನುವುದೂ ನನಗೆ ಮರೆತುಹೋಗಿತ್ತು. ಮ್ಯೂನಿಕ್ಕಿನ ಆ ಕೋಣೆಯಲ್ಲಿ ಕೂತು ಎಷ್ಟು ನೆನಪಿಸಿಕೊಂಡರೂ ಹೊಳೆಯಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು. ಕಾಲುಚೀಲದ ಹುಡುಗಿಯ ಚಿತ್ರಕ್ಕೆ ನನ್ನ ಕೈಲಿದ್ದಷ್ಟೂ ಅಂಕ ಕೊಟ್ಟೆ.

ಬೆಂಗಳೂರಿಗೆ ಬಂದ ಮರುದಿನ ಆಫೀಸಿನಲ್ಲಿ ಹಳೆಯ ಹಾರ್ಡ್ ಡಿಸ್ಕ್ ಹುಡುಕಿದೆ. ಬೀರುವಿನ ಕೆಳಗಿನ ಖಾನೆಯಲ್ಲಿತ್ತು, ಪುಣ್ಯಕ್ಕೆ ಯಾರೂ ಅಳಿಸಿರಲಿಲ್ಲ. ಹುಡುಗ ನಿಂತಿದ್ದಾನೆ. ಕೈಯಲ್ಲಿ ಖಾಲಿ ಕೊಡ. ಅದರ ಬಾಯಿಯೊಳಗೆ ಒಮ್ಮೆ ಇಣುಕುತ್ತಾನೆ. ಆಮೇಲೆ ಕಾಲ ಬೆರಳಿನಿಂದ ಮಣ್ಣು ಕೆದಕುತ್ತಾನೆ. ಟೈಮ್‌ಲೈನಿನಲ್ಲಿ ಎಣಿಸಿದೆ, 11 ಸೆಕೆಂಡ್. ಆಮೇಲೆ ತಲೆ ಎತ್ತಿ ಹೇಳುತ್ತಾನೆ: "ಎಲ್ಲಿಗೂ ಹೋಗಿಲ್ರೀ ಮೇಡಂ. ಕೆಳಗ ಮಕ್ಕೊಂಡಾವು."

ನನ್ನ ನಾಲ್ಕು ಸಾಲು ತೆಗೆದು, ಅವನನ್ನು ವಾಪಸ್ ಅಲ್ಲಿಟ್ಟೆ. ಕೊಡದೊಳಗೆ ಇಣುಕುವುದರಿಂದ ಹಿಡಿದು ಪೂರ್ತಿ.