ಹಳೇ ಲೇಥ್ ತಗೋಬಹುದಾ?

ಲೇಥ್, ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕೆತ್ತುವ ಮೆಷಿನ್, ಅದರ ಕೆಲಸ ಗೊತ್ತು ಅಂತ ತಿಳಿದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆ ಇದು: "ಒಂದು ಹಳೇ ಪ್ರಿಸಿಷನ್ ಲೇಥ್ ಮಾರಾಟಕ್ಕಿದೆ, ತಗೋಬಹುದಾ?" ಜೊತೆಗೆ ಒಂದು ಫೋಟೊ ಇರುತ್ತದೆ. ಫೋಟೊದಲ್ಲಿ ಹೊಸದಾಗಿ ಬಣ್ಣ ಬಳಿದ ಮೆಷಿನ್ ಫಳಫಳ ಹೊಳೆಯುತ್ತಿರುತ್ತದೆ.

ಬಣ್ಣ ನೋಡಿ ಮರುಳಾಗಬೇಡಿ. ಬಣ್ಣ ಹೋಗಿದೆ ಅಂತ ಬಿಟ್ಟುಬರಲೂ ಬೇಡಿ. ಲೇಥ್‌ನಲ್ಲಿ ಸುಲಭಕ್ಕೆ ಸರಿಮಾಡಲಾಗದ್ದು ಎರಡೇ: ಬೆಡ್ (ಉಳಿದ ಭಾಗಗಳು ಕೂರುವ ಉದ್ದನೆ ಅಡಿಪಾಯ) ಮತ್ತು ಸ್ಪಿಂಡಲ್ (ಕೆಲಸದ ತುಂಡನ್ನು ತಿರುಗಿಸುವ ಶಾಫ್ಟ್). ಮಿಕ್ಕಿದ್ದನ್ನು ಬದಲಾಯಿಸಬಹುದು, ಮಾಡಿಸಿಕೊಳ್ಳಬಹುದು, ಇಲ್ಲದಿದ್ದರೆ ಅದರ ಜೊತೆಗೇ ಹೊಂದಿಕೊಂಡು ಹೋಗಬಹುದು. ಆದರೆ ನೋಡಲು ಹೋದವರು ಮೊದಲು ಕೈ ಹಾಕುವುದು ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್‌ನ ಹ್ಯಾಂಡಲ್‌ಗೆ. ಹಿಂದೆ ಮುಂದೆ ಆಡಿಸಿ, "ಅಯ್ಯೋ, ಎಷ್ಟೊಂದು ಪ್ಲೇ!" ಅಂತ ಮುಖ ಸಿಂಡರಿಸುತ್ತಾರೆ. ಪ್ಲೇ ಅಂದರೆ ಸಡಿಲದ ಆಟ. ಅದಕ್ಕೆ ಹೆದರಬೇಕಿಲ್ಲ. ಕೆಲಸ ಬಲ್ಲ ಟರ್ನರ್ ಯಾವಾಗಲೂ ಒಂದೇ ಕಡೆಯಿಂದ ಅಳತೆಗೆ ಬರುತ್ತಾನೆ, ಹಾಗಾಗಿ ಪ್ಲೇ ಇದ್ದರೂ ಅಳತೆ ಕೆಡುವುದಿಲ್ಲ. ಹ್ಯಾಂಡಲ್ ಸ್ಕ್ರೂ ಓಡುವ ನಟ್ ತೀರಾ ಸವೆದಿದ್ದರೆ ಹೊಸದು ಹಾಕಿಸಿದರಾಯ್ತು.

ಬೆಡ್ ವಿಷಯಕ್ಕೆ ಬರೋಣ. ಲೇಥ್‌ನಲ್ಲಿ ಹೆಚ್ಚಿನ ಕೆಲಸ ನಡೆಯುವುದು ತುಂಡನ್ನು ಹಿಡಿಯುವ ಚಕ್ ಹತ್ತಿರ. ಟೂಲ್ ಹೊತ್ತು ಬೆಡ್ ಮೇಲೆ ಸರಿಯುವ ಸ್ಯಾಡಲ್ ಅಲ್ಲೇ ಓಡಾಡುತ್ತದೆ, ಲೋಹದ ಚೂರು, ಬೀಡಿನ ಪುಡಿ ಅಲ್ಲೇ ಬೀಳುತ್ತದೆ. ಹಾಗಾಗಿ ಸವೆತವೂ ಅಲ್ಲೇ ಜಾಸ್ತಿ. ಇನ್ನೊಂದು ತುದಿಯ, ಅಂದರೆ ಟೇಲ್‌ಸ್ಟಾಕ್ (ತುಂಡಿನ ತುದಿಗೆ ಆಸರೆ ಕೊಡುವ ಭಾಗ) ಕಡೆಯ ಬೆಡ್ ಹೊಸದರಂತಿದೆ ಅಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಆ ತುದಿ ಎಲ್ಲ ಲೇಥ್‌ನಲ್ಲೂ ಚೆನ್ನಾಗೇ ಇರುತ್ತದೆ.

ಉಪಕರಣ ಏನೂ ಇಲ್ಲದೆ ಮಾಡುವ ಪರೀಕ್ಷೆ ಒಂದಿದೆ. ಸ್ಯಾಡಲ್ಲನ್ನು ಚಕ್ ಹತ್ತಿರ ತನ್ನಿ. ಅಲ್ಲಿ ಸ್ಯಾಡಲ್ ಲಾಕನ್ನು ಸ್ವಲ್ಪವೇ ಬಿಗಿಮಾಡಿ, ಹ್ಯಾಂಡಲ್ ತಿರುಗಿಸಿದರೆ ಸಣ್ಣ ಹಿಡಿತ ಗೊತ್ತಾಗುವಷ್ಟು. ಈಗ ಹಾಗೇ ನಿಧಾನವಾಗಿ ಟೇಲ್‌ಸ್ಟಾಕ್ ಕಡೆಗೆ ಓಡಿಸಿ. ಹೋಗುತ್ತಾ ಹೋಗುತ್ತಾ ಬಿಗಿಯಾಗಿ ನಿಂತುಬಿಟ್ಟರೆ ಚಕ್ ಹತ್ತಿರ ಬೆಡ್ ತೆಳ್ಳಗಾಗಿದೆ ಅಂತ ಅರ್ಥ. ಆಮೇಲೆ ಸ್ಯಾಡಲ್ ಉಜ್ಜುವ ಜಾಗಕ್ಕೂ ಉಜ್ಜದ ಜಾಗಕ್ಕೂ ನಡುವೆ ಉಗುರು ಎಳೆಯಿರಿ. ಉಗುರು ತಟ್ಟನೆ ಸಿಕ್ಕಿಹಾಕಿಕೊಂಡರೆ ಅಲ್ಲಿ ಮೆಟ್ಟಿಲು ಬಿದ್ದಿದೆ. ಕೆಲವು ಲೇಥ್‌ಗಳಲ್ಲಿ ಆ ಎರಡು ಜಾಗಗಳನ್ನು ಮೊದಲೇ ಹೆಚ್ಚುಕಮ್ಮಿ ಎತ್ತರದಲ್ಲಿ ಮಾಡಿರುತ್ತಾರೆ, ಹಾಗಾಗಿ ಬೆಡ್ಡಿನ ಎರಡೂ ತುದಿಯಲ್ಲಿ ಉಗುರು ಎಳೆದು ಹೋಲಿಸಿ ನೋಡಿ.

ಮೆಟ್ಟಿಲು ಸಿಕ್ಕಿದ ಕೂಡಲೇ ಎದ್ದು ಬರಬೇಕಾ? ಬೇಡ. ಸವೆತ ಯಾವ ದಿಕ್ಕಿನಲ್ಲಿ ಆಗಿದೆ ಅನ್ನುವುದು ಮುಖ್ಯ. ಟೂಲ್ ನೇರವಾಗಿ ಕೆಳಕ್ಕೆ 0.1 ಮಿ.ಮೀ. ಇಳಿಯಿತು ಅನ್ನಿ. 20 ಮಿ.ಮೀ. ಶಾಫ್ಟ್‌ನ ವ್ಯಾಸದಲ್ಲಿ ಅದರಿಂದ ಬರುವ ವ್ಯತ್ಯಾಸ ಬರೀ 0.001 ಮಿ.ಮೀ. ನಂಬಿಕೆ ಬರದಿದ್ದರೆ ಒಂದು ಲಂಬಕೋನ ತ್ರಿಕೋನ ಬರೆದು ಲೆಕ್ಕ ಹಾಕಿ. ಅದೇ 0.1 ಮಿ.ಮೀ. ಅಡ್ಡಕ್ಕೆ ಸರಿದರೆ ವ್ಯಾಸದಲ್ಲಿ ನೇರವಾಗಿ 0.2 ಮಿ.ಮೀ. ಹೋಯ್ತು. ವಿ ಆಕಾರದ ಬೆಡ್‌ನಲ್ಲಿ ತೊಂದರೆ ಬರುವುದು ಇಲ್ಲೇ. ಕಟಿಂಗ್ ಒತ್ತಡ ಟೂಲನ್ನು ಕೆಳಕ್ಕೂ ನಿಮ್ಮ ಕಡೆಗೂ ತಳ್ಳುತ್ತದೆ. ಅದರಿಂದ ವಿ ಮುಂಭಾಗದ ಇಳಿಜಾರು ಸವೆದು ಸ್ಯಾಡಲ್ ಇಳಿಯುವುದರ ಜೊತೆಗೆ ಮುಂದಕ್ಕೂ ಜಾರುತ್ತದೆ. ಚಪ್ಪಟೆ ಬೆಡ್ ಇರುವ ಮೈಫರ್ಡ್‌ನಂಥ ಸಣ್ಣ ಲೇಥ್‌ನಲ್ಲಿ ಮೇಲ್ಮೈ ಸವೆತಕ್ಕಿಂತ ಪಕ್ಕದ ಮುಖದ ಸವೆತವೇ ಕಾಡುವುದು. ಹಳೇ ಮೈಫರ್ಡ್ ಇಟ್ಟುಕೊಂಡವರು ಅದಕ್ಕೊಂದು ಒಳ್ಳೆ ಉಪಾಯ ಕಂಡುಕೊಂಡಿದ್ದಾರೆ. ಸ್ಯಾಡಲ್‌ಗೆ ಒಂದು ಪಟ್ಟಿ ಕೂರಿಸಿ, ಅಷ್ಟು ವರ್ಷ ಏನೂ ತಾಗದೆ ಉಳಿದ ಹಿಂಬದಿಯ ಮುಖದ ಮೇಲೆ ಅದನ್ನು ಓಡಿಸುತ್ತಾರೆ. ಬೆಡ್ ಗ್ರೈಂಡ್ ಮಾಡಿಸುವ ಖರ್ಚೇ ತಪ್ಪುತ್ತದೆ.

ಸಾಧ್ಯವಾದರೆ ಒಂದು ಕಟ್ ಹಾಕಿಯೇ ನೋಡಿ. 30 ಮಿ.ಮೀ. ಆಸುಪಾಸಿನ ರಾಡ್ ಚಕ್‌ನಲ್ಲಿ ಹಿಡಿದು, ಟೇಲ್‌ಸ್ಟಾಕ್ ಆಸರೆ ಕೊಡದೆ, ಸುಮಾರು 100 ಮಿ.ಮೀ. ಉದ್ದ ಹಗುರವಾಗಿ ಟರ್ನ್ ಮಾಡಿ. ಬರೀ ಎರಡು ತುದಿ ಅಳೆದು ನಿಲ್ಲಿಸಬೇಡಿ, ನಡುವೆಯೂ ಎರಡು ಮೂರು ಕಡೆ ಮೈಕ್ರೊಮೀಟರ್ ಹಿಡಿಯಿರಿ. ಒಂದು ತುದಿಯಿಂದ ಇನ್ನೊಂದಕ್ಕೆ ಸಮನಾಗಿ ಟೇಪರ್ (ದಪ್ಪ ಕ್ರಮೇಣ ಕಡಿಮೆಯಾಗುವುದು) ಬಂದರೆ ಮೆಷಿನ್ ಲೆವೆಲ್ ಇಲ್ಲದೆ ಬೆಡ್ ತಿರುಚಿಕೊಂಡಿರಬಹುದು, ಇಲ್ಲವೇ ಸ್ಪಿಂಡಲ್ ಇರುವ ಹೆಡ್‌ಸ್ಟಾಕ್ ಸ್ವಲ್ಪ ತಿರುಗಿರಬಹುದು. ಇವೆರಡನ್ನೂ ಸರಿಮಾಡಬಹುದು. ನೆಲದ ಮೇಲೆ ಸುಮ್ನೆ ತಂದು ನಿಲ್ಲಿಸಿದ ಲೇಥ್ ಟೇಪರ್ ಕೊಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ನಡುವೆ ಎಲ್ಲೋ ಒಂದು ಕಡೆ ದಪ್ಪ, ಆಮೇಲೆ ಸಣ್ಣ, ಮತ್ತೆ ದಪ್ಪ ಹೀಗೆ ಅಂಕುಡೊಂಕು ಬಂದರೆ ಸವೆತದ ಅನುಮಾನ ಪಡಲೇಬೇಕು. ಲೆವೆಲ್ ಮಾಡಿ ಅದನ್ನು ತೆಗೆಯಲು ಆಗುವುದಿಲ್ಲ.

ಸ್ಪಿಂಡಲ್ ಪರೀಕ್ಷೆಗೆ ಸಣ್ಣ ಅಲುಗಾಟ ಅಳೆಯುವ ಡಯಲ್ ಗೇಜ್ ಬೇಕೇ ಬೇಕು. ಮಾರುವವರ ಹತ್ತಿರ ಇರುತ್ತದೆ ಅಂತ ನಂಬಬೇಡಿ, ನಿಮ್ಮದನ್ನೇ ಒಯ್ಯಿರಿ. ಚಕ್ ಮೇಲೆ ಗೇಜ್ ಇಟ್ಟು ರನ್‌ಔಟ್ (ತಿರುಗುವಾಗ ಆಗುವ ಓಲಾಟ) ನೋಡಿದರೆ ಗೊತ್ತಾಗುವುದು ಚಕ್‌ನ ಹಣೆಬರಹ. ಗೇಜ್ ಕಡ್ಡಿಯನ್ನು ಸ್ಪಿಂಡಲ್ ಬಾಯಿಯ ಒಳಗಿನ ಟೇಪರ್‌ಗೆ ತಾಗಿಸಿ, ಕೈಯಲ್ಲಿ ತಿರುಗಿಸಿ ನೋಡಿ. ಸಾಧಾರಣ ಲೇಥ್‌ನಲ್ಲಿ 0.01 ಮಿ.ಮೀ. ಒಳಗೆ ಇದ್ದರೆ ತಕರಾರಿಲ್ಲ. ಟೂಲ್‌ರೂಮ್ ಲೇಥ್ (ಅತಿ ಕರಾರುವಾಕ್ ಕೆಲಸಕ್ಕೆ ಮಾಡಿದ್ದು) ಅಂತ ಹೇಳಿ ಮಾರುತ್ತಿದ್ದರೆ ಅದರ ಅರ್ಧ ಕೇಳಬೇಕು. ಗೇಜ್ ತಾಗಿಸುವ ಮುಂಚೆ ಟೇಪರ್ ಒರೆಸಿಕೊಳ್ಳಿ. ಒಂದು ಚೂರು ಕಸ ಇದ್ದರೂ ಒಳ್ಳೆ ಸ್ಪಿಂಡಲ್‌ಗೆ ಕೆಟ್ಟ ಹೆಸರು ಬರುತ್ತದೆ. ನಂತರ ಚಕ್ ಕೆಳಗೆ ಮರದ ತುಂಡು ಕೊಟ್ಟು ಮೇಲಕ್ಕೆ ಮೀಟಿ. ಗೇಜ್ ಮುಳ್ಳು ಎಷ್ಟು ಹೋಯಿತು, ಬಿಟ್ಟಾಗ ವಾಪಸ್ ಬಂತಾ ಅಂತ ಗಮನಿಸಿ. ಕಂಚಿನ ಬುಷ್ ಮೇಲೆ ಓಡುವ ಸ್ಪಿಂಡಲ್‌ನಲ್ಲಿ ಚೂರು ಆಟ ಇರುವುದು ಸಹಜ, ಬಹಳಷ್ಟರಲ್ಲಿ ಅಡ್ಜಸ್ಟ್ ಮಾಡಿಕೊಳ್ಳಲೂ ಬರುತ್ತದೆ. ರೋಲರ್ ಅಥವಾ ಬಾಲ್ ಬೇರಿಂಗ್ ಆಗಿದ್ದರೆ ಹೈ ಸ್ಪೀಡ್‌ನಲ್ಲಿ ಅರ್ಧ ಗಂಟೆ ಓಡಿಸಿ ಕೇಳಿ. ಹೆಡ್‌ಸ್ಟಾಕ್ ಬೆಚ್ಚಗಾದರೆ ಸರಿ, ಮುಟ್ಟಿದ ಕೈ ತೆಗೆಯುವಷ್ಟು ಕಾದರೆ ಬೇಡ. ಇನ್ನೊಂದು ಕಿವಿಮಾತು: ಮಾರುವವರು ಕೆಲವರು ಗೇರ್ ಸದ್ದು ಅಡಗಿಸಲು ಗಟ್ಟಿ ಎಣ್ಣೆ ಸುರಿದಿರುತ್ತಾರೆ. ಎಣ್ಣೆ ಯಾವುದು ಹಾಕಿದ್ದೀರಿ ಅಂತ ಕೇಳಿದರೆ ಉತ್ತರ ತಡವರಿಸಿಕೊಂಡು ಬರುತ್ತದೆ.

ಹೆಸರಿನ ಮೇಲೆ ಕೊಳ್ಳಬಹುದಾ ಅಂತಲೂ ಕೇಳುತ್ತಾರೆ. ಶೌಬ್ಲಿನ್ 102, ಹಾರ್ಡಿಂಜ್ ಎಚ್‌ಎಲ್‌ವಿ ಇವೆಲ್ಲ ನಿಜಕ್ಕೂ ಪ್ರಿಸಿಷನ್ ಮೆಷಿನ್‌ಗಳೇ. ಹಾರ್ಡಿಂಜ್‌ನ ಡವ್‌ಟೇಲ್ ಬೆಡ್ ಗಟ್ಟಿ ಮಾಡಿ ಗ್ರೈಂಡ್ ಮಾಡಿದ ಉಕ್ಕು, ಬೇಗ ಸವೆಯುವುದಿಲ್ಲ. ಹಾಗಂತ ಕೆಲಸಗಾರರು ಮೂರು ಪಾಳಿ ದುಡಿಸಿ ಬಿಸಾಕಿದ ಹಾರ್ಡಿಂಜ್‌ಗಿಂತ ಚೆನ್ನಾಗಿ ನೋಡಿಕೊಂಡ ಸಾಧಾರಣ ಲೇಥ್ ನನಗೆ ಇಷ್ಟ. ಗಟ್ಟಿ ಮಾಡಿದ ಬೆಡ್ ಒಮ್ಮೆ ಸವೆದರೆ ಕೈಯಲ್ಲಿ ಸ್ಕ್ರೇಪ್ ಮಾಡಿ (ಹೆರೆದು) ಸರಿಮಾಡಲು ಆಗುವುದಿಲ್ಲ, ಗ್ರೈಂಡಿಂಗೇ ಗತಿ.

ಜೊತೆಗೆ ಏನೇನು ಬರುತ್ತದೆ ಅಂತ ಕೇಳದೆ ದರ ಮಾತಾಡಬೇಡಿ. ನಾಲ್ಕು ಜಾ ಚಕ್, ಸ್ಟೆಡಿ, ಫೇಸ್‌ಪ್ಲೇಟ್, ಕಾಲೆಟ್, ಚೇಂಜ್ ಗೇರ್ ಎಲ್ಲವನ್ನೂ ಒಂದೊಂದಾಗಿ ಹುಡುಕಿ ತರಲು ಹೊರಟರೆ ಮೆಷಿನ್‌ಗಿಂತ ಅದೇ ಭಾರ. ಥ್ರೆಡ್ ಅಳತೆಗೆ ತಕ್ಕಂತೆ ಬದಲಿಸುವ ಚೇಂಜ್ ಗೇರ್ ರಾಶಿಯಲ್ಲಿ 127 ಹಲ್ಲಿನ ಗೇರ್ ಇದೆಯಾ ಅಂತ ನೋಡಿ. ಥ್ರೆಡ್ ಹಾಕುವಾಗ ಸ್ಯಾಡಲ್ ಎಳೆಯುವ ಲೀಡ್ ಸ್ಕ್ರೂ ಇಂಚಿನದಾಗಿದ್ದರೆ ಮೆಟ್ರಿಕ್ ಥ್ರೆಡ್ ಕರಾರುವಾಕ್ಕಾಗಿ ಹಾಕಲು ಅದೇ ಬೇಕು, ಒಂದು ಇಂಚು 25.4 ಮಿ.ಮೀ., ಅಂದರೆ 127/5 ಆದ್ದರಿಂದ. ಅದು ಇಲ್ಲದಿದ್ದರೆ 63 ಹಲ್ಲಿನ ಗೇರ್ ಬಳಸುವವರೂ ಇದ್ದಾರೆ. ಅದರಿಂದ ಬರುವ ತಪ್ಪು ಶೇಕಡಾ 0.0125ರಷ್ಟು. ಗಿಡ್ಡ ಬೋಲ್ಟಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ.

ಮೋಟಾರ್ ತ್ರೀ ಫೇಸ್ ಅಂತ ಹೆದರಬೇಡಿ, ಸಿಂಗಲ್ ಫೇಸ್ ಸಾಕಾಗುವ ಸಣ್ಣ ಮೋಟಾರ್ ಆದರೆ ಮನೆಯ ಸಿಂಗಲ್ ಫೇಸ್ ಕರೆಂಟನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಹಾಕಿಕೊಳ್ಳಬಹುದು.

ಒಪ್ಪಿಗೆ ಆಯ್ತಾ? ಹಾಗಾದರೆ ಎತ್ತುವಾಗ ಬೆಲ್ಟ್ ಪಟ್ಟಿಯನ್ನು ಬೆಡ್ ಕೆಳಗೆ ಹಾಕಿ. ಲೀಡ್ ಸ್ಕ್ರೂ ಮತ್ತು ಫೀಡ್ ರಾಡ್‌ಗೆ ಪಟ್ಟಿ ತಾಗಿ ಬಗ್ಗದಂತೆ ನಡುವೆ ಮರದ ತುಂಡು ಕೊಡಿ. ಲೇಥ್‌ಗೆ ತಲೆ ಭಾರ, ಪಟ್ಟಿ ಹೆಡ್‌ಸ್ಟಾಕ್ ಕಡೆಗೇ ಇರಲಿ. ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಹೆಡ್‌ಸ್ಟಾಕ್‌ನ ಎದುರು ತುದಿಗೆ ಸರಿಸಿ ಲಾಕ್ ಮಾಡಿದರೆ ತೂಕ ಸಮ ಆಗುತ್ತದೆ. ಜಾಗಕ್ಕೆ ಬಂದ ಮೇಲೆ ಪ್ರಿಸಿಷನ್ ಲೆವೆಲ್ ಇಟ್ಟು ಕಾಲುಗಳನ್ನು ಹೊಂದಿಸಿ. ಕೆಲವು ದಿನ ಬಿಟ್ಟು ಮತ್ತೊಮ್ಮೆ ಲೆವೆಲ್ ನೋಡಿ, ಆಮೇಲೆ ಟೆಸ್ಟ್ ಕಟ್ ಹಾಕಿ.